ಟ್ಯಾಂಕಿಗೆ ಕೆಪಾಸಿಟೆನ್ಸ್ ಲೆವೆಲ್ ಸೆನ್ಸರ್: ನಾನು ಆರಿಸುವ ಕ್ರಮ

ಟ್ಯಾಂಕಿನ ಎತ್ತರವನ್ನು ನಾನು ಕೇಳುವುದು ಕೊನೆಗೆ. ಒಳಗಿರುವ ವಸ್ತುವಿನಲ್ಲಿ ಕರೆಂಟ್ ಹರಿಯುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಕೆಪಾಸಿಟೆನ್ಸ್ ಸೆನ್ಸರ್‌ನಲ್ಲಿ ಪ್ರೋಬ್ (ಟ್ಯಾಂಕಿನೊಳಗೆ ಇಳಿಸುವ ರಾಡ್) ಒಂದು ಪ್ಲೇಟು, ಟ್ಯಾಂಕಿನ ಲೋಹದ ಗೋಡೆ ಇನ್ನೊಂದು ಪ್ಲೇಟು. ನಡುವೆ ಗಾಳಿಯ ಜಾಗಕ್ಕೆ ವಸ್ತು ಬಂದಷ್ಟೂ ಕೆಪಾಸಿಟೆನ್ಸ್, ಅಂದರೆ ಎರಡು ಪ್ಲೇಟುಗಳು ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಏರುತ್ತದೆ; ಅದನ್ನು ಅಳೆದೇ ಮಟ್ಟ ತಿಳಿಯುವುದು. ಆ ವಸ್ತು ವಾಹಕವೋ ಅಲ್ಲವೋ ಎನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ.

ನಲ್ಲಿ ನೀರು, ಉಪ್ಪುನೀರು, ಆಮ್ಲ, ಕ್ಷಾರ ಇವೆಲ್ಲ ವಾಹಕಗಳು. ಸೆಂಟಿಮೀಟರ್‌ಗೆ 100 ಮೈಕ್ರೊಸೀಮೆನ್ಸ್ (ವಾಹಕತೆಯ ಅಳತೆ) ದಾಟಿದರೆ ತುದಿಯವರೆಗೂ ಟೆಫ್ಲಾನ್ ಹೊದಿಸಿದ ಪ್ರೋಬನ್ನೇ ಹಾಕುತ್ತೇನೆ. ಬರಿಯ ರಾಡ್ ಹಾಕಿದರೆ ದ್ರವ ತಾಗಿದ ಕ್ಷಣವೇ ಶಾರ್ಟ್ ಆಗಿ ಟ್ಯಾಂಕ್ ತುಂಬಿದೆ ಎಂದು ತೋರಿಸುತ್ತದೆ. ಹೊದಿಕೆಯ ಪ್ರೋಬ್‌ನಲ್ಲಿ ದ್ರವವೇ ಎರಡನೆಯ ಪ್ಲೇಟಾಗಿ ಟೆಫ್ಲಾನ್ ಮೈಗೆ ಅಂಟಿ ನಿಲ್ಲುತ್ತದೆ. 10 ಮಿ.ಮೀ. ರಾಡ್‌ಗೆ 2 ಮಿ.ಮೀ. ದಪ್ಪದ ಹೊದಿಕೆ ಇದ್ದರೆ ಮೀಟರ್‌ಗೆ ಸುಮಾರು 347 ಪಿಕೊಫ್ಯಾರಡ್ (ಕೆಪಾಸಿಟೆನ್ಸಿನ ಅಳತೆ) ಸಿಗುತ್ತದೆ. ಈ ಅಂಕಿ ಟೆಫ್ಲಾನ್‌ನ ದಪ್ಪದಿಂದ ಬಂದದ್ದು, ದ್ರವದಿಂದ ಅಲ್ಲ. ಹಾಗಾಗಿ ಆಮ್ಲದ ಸಾಂದ್ರತೆ ಬದಲಾದರೂ, ನೀರು ಬಿಸಿಯಾದರೂ ರೀಡಿಂಗ್ ಹೆಚ್ಚೇನೂ ಕದಲುವುದಿಲ್ಲ. ಈ ವಿಧಾನ ಅತ್ಯಂತ ನೆಮ್ಮದಿಯಿಂದ ಕೆಲಸ ಮಾಡುವುದು ಇಲ್ಲೇ.

ಡೀಸೆಲ್, ಖನಿಜ ತೈಲ, ದ್ರಾವಕಗಳ ಕಥೆ ಬೇರೆ. ಡೀಸೆಲ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಗಾಳಿಗೆ ಹೋಲಿಸಿದರೆ ವಸ್ತು ಕೆಪಾಸಿಟೆನ್ಸನ್ನು ಎಷ್ಟು ಪಟ್ಟು ಏರಿಸುತ್ತದೆ ಎಂಬ ಅಂಕಿ) ಸುಮಾರು 2.1, ನೀರಿನದು 20 ಡಿಗ್ರಿಯಲ್ಲಿ 80. 54 ಮಿ.ಮೀ. ಒಳವ್ಯಾಸದ ಕೊಳವೆಯ ನಡುವೆ 12 ಮಿ.ಮೀ. ರಾಡ್ ಇಟ್ಟರೆ ಗಾಳಿಯಲ್ಲಿ ಮೀಟರ್‌ಗೆ 37, ಡೀಸೆಲ್‌ನಲ್ಲಿ 78 ಪಿಕೊಫ್ಯಾರಡ್. ಅಂದರೆ ಅಳೆಯಲು ಸಿಗುವುದು ಬರೀ 41. ಈಗ ಸ್ಥಿರಾಂಕ 2.1ರಿಂದ 2.2ಕ್ಕೆ ಹೋಯಿತು ಎನ್ನಿ. ಗಾಳಿಯ 1ನ್ನು ಕಳೆದು ನೋಡಿದರೆ 1.1 ಇದ್ದದ್ದು 1.2 ಆಯಿತು, ರೀಡಿಂಗ್‌ನಲ್ಲಿ ಶೇ. 9ರಷ್ಟು ತಪ್ಪು. ಒಂದೇ ಟ್ಯಾಂಕಿಗೆ ಇವತ್ತೊಂದು ತೈಲ, ನಾಳೆ ಇನ್ನೊಂದು ತುಂಬುವವರಿಗೆ ಕೆಪಾಸಿಟೆನ್ಸ್ ಬೇಡ, ರೇಡಾರ್ ನೋಡಿ ಎಂದೇ ಹೇಳುತ್ತೇನೆ. ಡೀಅಯನೈಸ್ ಮಾಡಿದ ನೀರಿನಂತೆ 1ರಿಂದ 100 ಮೈಕ್ರೊಸೀಮೆನ್ಸ್ ನಡುವೆ ಬರುವ ದ್ರವಗಳಲ್ಲಿ ವಾಹಕತೆ ಕೊಂಚ ಬದಲಾದರೂ ರೀಡಿಂಗ್ ಅಲುಗುತ್ತದೆ. ಅಲ್ಲಿ ಮಟ್ಟ ಮುಟ್ಟಿತೋ ಇಲ್ಲವೋ ಎಂದು ಹೇಳುವ ಸ್ವಿಚ್‌ಗೆ ಮಾತ್ರ ಬಳಸುವುದು ಕ್ಷೇಮ. ಎಣ್ಣೆಯ ಕೆಳಗೆ ನಿಂತ ನೀರಿನ ಗಡಿ ಹಿಡಿಯಲು ಮಾತ್ರ ಈ ಸೆನ್ಸರ್ ಬಹಳ ಒಳ್ಳೆಯದು. ಎರಡರ ಸ್ಥಿರಾಂಕಗಳ ನಡುವಿನ ಅಂತರ ಅಷ್ಟು ದೊಡ್ಡದು.

ಲೋಹದ ಲಂಬ ಸಿಲಿಂಡರ್ ಆದರೆ ಗೋಡೆಯೇ ಸಾಕು. ಎಫ್‌ಆರ್‌ಪಿ (ಗಾಜಿನ ನಾರು ಬೆರೆತ ಪ್ಲಾಸ್ಟಿಕ್) ಅಥವಾ ಸಾದಾ ಪ್ಲಾಸ್ಟಿಕ್ ಟ್ಯಾಂಕಿಗೆ ಎರಡನೆಯ ಪ್ಲೇಟೇ ಇರುವುದಿಲ್ಲ, ಮಲಗಿಸಿದ ಟ್ಯಾಂಕಿನಲ್ಲಿ ಗೋಡೆಯ ದೂರ ಮಟ್ಟದ ಜೊತೆ ಬದಲಾಗುತ್ತದೆ. ಎರಡಕ್ಕೂ ಪ್ರೋಬ್ ಸುತ್ತ ಲೋಹದ ಕೊಳವೆ ಇರುವ ಮಾದರಿ ಬೇಕು. ಕೊಳವೆಯ ಮೇಲ್ತುದಿಯಲ್ಲಿ ಗಾಳಿ ಹೋಗಲು ತೂತು ಇರಲೇಬೇಕು, ಇಲ್ಲದಿದ್ದರೆ ಹೊರಗೆ ಮಟ್ಟ ಏರಿದರೂ ಒಳಗೆ ಏರುವುದಿಲ್ಲ. ಗಟ್ಟಿ ಸಿರಪ್, ಸ್ಲರಿಗೆ ಕೊಳವೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಹೊದಿಕೆಯ ಪ್ರೋಬ್ ಜೊತೆಗೆ ಬೇರೆಯದೊಂದು ಅರ್ಥ್ ರಾಡ್ ಇಳಿಸುತ್ತೇನೆ.

ಅಂಟು ದ್ರವ ಇಳಿದ ಮೇಲೂ ಪ್ರೋಬ್ ಮೇಲೆ ವಾಹಕ ಪದರ ಉಳಿದರೆ ಸಾದಾ ಸೆನ್ಸರ್ ಅದನ್ನೂ ಮಟ್ಟವೆಂದೇ ಎಣಿಸುತ್ತದೆ. ಇದಕ್ಕೆ ಆರ್‌ಎಫ್ ಅಡ್ಮಿಟೆನ್ಸ್ ಮಾದರಿ ತೆಗೆದುಕೊಳ್ಳಬೇಕು. ಅದು ಪದರದ ರೆಸಿಸ್ಟೆನ್ಸನ್ನೂ ಅಳೆದು ಅದರ ಪಾಲನ್ನು ಕಳೆಯುತ್ತದೆ. ನಾಜಲ್‌ನಲ್ಲಿ (ಪ್ರೋಬ್ ಕೂರಿಸುವ, ಟ್ಯಾಂಕಿನ ಮೇಲಿನ ಕುತ್ತಿಗೆಯಂಥ ಕೊಳವೆ) ಹಬೆ ತಣಿದು ನೀರಾಗುವ ಜಾಗಕ್ಕೆ ನಾಜಲ್‌ನ ಉದ್ದಕ್ಕಿಂತ ತುಸು ಹೆಚ್ಚೇ ನಿಷ್ಕ್ರಿಯ ಭಾಗ (ಅಳೆಯದ ಭಾಗ) ಇರುವ ಪ್ರೋಬ್ ಆರ್ಡರ್ ಮಾಡಿ.

ಸೈಲೊಗಳಿಗೆ ರಾಡ್ ಬದಲು ಹಗ್ಗದ ಪ್ರೋಬ್. ತುಂಬಿದ ಪುಡಿ ಕೆಳಗಿಳಿಯುವಾಗ ಹಗ್ಗವನ್ನು ಜಗ್ಗುವ ಬಲ ಚಾವಣಿಯ ಮೇಲೆ ಬೀಳುತ್ತದೆ, ಅದನ್ನು ಚಾವಣಿ ತಡೆದೀತೇ ಎಂದು ಸಿವಿಲ್‌ನವರಿಂದ ಬರವಣಿಗೆಯಲ್ಲಿ ಪಡೆಯಿರಿ. ಪ್ಲಾಸ್ಟಿಕ್ ಹರಳುಗಳಲ್ಲಿ ಸ್ಟ್ಯಾಟಿಕ್ ಹೊಡೆತಕ್ಕೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ, ರಕ್ಷಣೆ ಇರುವ ಘಟಕವನ್ನೇ ಕೇಳಿ.

ಕೂರಿಸುವಾಗ ಹೆಚ್ಚಿನ ತೊಂದರೆ ಬರುವುದು ಅರ್ಥಿಂಗ್‌ನಿಂದ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದರೆ ಪ್ರೋಬ್ ಬಾಡಿಗೂ ಟ್ಯಾಂಕಿಗೂ ಸಂಪರ್ಕ ತಪ್ಪಿ ರೀಡಿಂಗ್ ಅಲೆದಾಡುತ್ತದೆ. ಮಲ್ಟಿಮೀಟರ್‌ನಲ್ಲಿ 1 ಓಮ್‌ಗಿಂತ ಕಡಿಮೆ ಬರದಿದ್ದರೆ ಪ್ರತ್ಯೇಕ ವೈರ್ ಹಾಕುತ್ತೇನೆ. ಕೇಬಲ್ ಗ್ಲ್ಯಾಂಡ್ ಕೆಳಮುಖವಾಗಿರಲಿ, ಹೆಡ್ಡಿಗೆ (ಎಲೆಕ್ಟ್ರಾನಿಕ್ಸ್ ಇರುವ ಮೇಲಿನ ಡಬ್ಬಿಗೆ) ನೀರು ಇಳಿದರೆ ಖಾಲಿ ಟ್ಯಾಂಕೂ ಅರ್ಧ ತುಂಬಿದಂತೆ ಕಾಣಬಹುದು. ಕ್ಯಾಲಿಬ್ರೇಶನ್ ಟ್ಯಾಂಕಿನಲ್ಲೇ ಆಗಬೇಕು: ಸೆನ್ಸರ್ ಹೊರಗೆ ಕಳಿಸುವ ಕರೆಂಟ್ ಖಾಲಿಯಲ್ಲಿ 4 ಮಿಲಿಆಂಪ್, ತುಂಬಿದಾಗ 20, ಆಮೇಲೆ ನಡುವಿನ ಒಂದು ಮಟ್ಟವನ್ನು ಡಿಪ್ ಟೇಪ್‌ನಿಂದ ತಾಳೆ ನೋಡುವುದು.

ಮಟ್ಟ ಒಂದು ಎತ್ತರಕ್ಕೆ ಬಂದಾಗಲೆಲ್ಲ ರೀಡಿಂಗ್ ಜಿಗಿದು ಪೂರ್ತಿಗೆ ಹೋದರೆ ಆ ಎತ್ತರದಲ್ಲಿ ಟೆಫ್ಲಾನ್ ತೂತಾಗಿದೆ ಎಂದರ್ಥ. ಎಲೆಕ್ಟ್ರಾನಿಕ್ಸ್ ಬಿಚ್ಚಿ, ಪ್ರೋಬನ್ನು ಅದೇ ದ್ರವದಲ್ಲಿ ಮುಳುಗಿಸಿಟ್ಟು, ರಾಡ್‌ಗೂ ಟ್ಯಾಂಕಿಗೂ ನಡುವೆ ರೆಸಿಸ್ಟೆನ್ಸ್ ನೋಡಿ. ಮೆಗಾಓಮ್‌ಗಳಲ್ಲಿ ಇರಬೇಕಾದದ್ದು ಕಿಲೊಓಮ್‌ಗೆ ಇಳಿದಿದ್ದರೆ ಪ್ರೋಬ್ ಬದಲಿಸಬೇಕು, ತೇಪೆ ಹಾಕಿದರೆ ನಿಲ್ಲುವುದಿಲ್ಲ. ಬೆಂಕಿ ಹತ್ತುವ ಆವಿ ಇರುವ ಜಾಗದಲ್ಲಿ ಈ ಪರೀಕ್ಷೆಗೆ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಹಾಯಿಸಿ ಇನ್ಸುಲೇಶನ್ ಅಳೆಯುವ ಮೀಟರ್) ತರಬೇಡಿ.