ಈಸ್ಟ್ ಇಲ್ಲದೆ ಕರಿದ ಅವರೆಬೇಳೆಯ ಖಾರದ ಕಡುಬು: ನನ್ನ ಅನುಭವ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುವ ಕೆಲಸ ಶುರು. ಒಳ್ಳೆ ಸೊಗಡಿನ ಕಾಯಿ ಸಿಕ್ಕಿದ ದಿನ ಬೆರಳೆಲ್ಲ ಜಿಡ್ಡು, ಮನೆಯೆಲ್ಲ ಘಮ. ಸಾರಿಗೂ ಅದೇ ಕಾಳು, ಉಪ್ಪಿಟ್ಟಿಗೂ ಅದೇ, ಅಕ್ಕಿ ರೊಟ್ಟಿಗೂ ಅದೇ. ಮೂರು ವರ್ಷದಿಂದ ಇವುಗಳ ಜೊತೆಗೆ ಹಿದುಕಿದ ಬೇಳೆಯ ಖಾರದ ಕಡುಬೂ ಸೇರಿದೆ. ನೋಡಲು ಥೇಟ್ ಕರ್ಜಿಕಾಯಿ, ಒಳಗೆ ಮಾತ್ರ ಖಾರ.

ಮೊದಲ ಸಲ ಮಾಡಿದಾಗ ಹಿಟ್ಟಿಗೆ ಈಸ್ಟ್ ಹಾಕಿದ್ದೆ. ಬೇಕರಿಯ ಪಲ್ಯದ ಬನ್ ನನ್ನ ತಲೆಯಲ್ಲಿತ್ತು. ಹಿಟ್ಟೇನೋ ಚೆನ್ನಾಗಿಯೇ ಉಬ್ಬಿತು. ಆದರೆ ಎಣ್ಣೆಗೆ ಬಿಟ್ಟ ಕಡುಬು ಊದಿಕೊಂಡು ಎಣ್ಣೆ ಕುಡಿಯಿತು. ಅರ್ಧ ಗಂಟೆಯಲ್ಲಿ ಮೆತ್ತಗಾಯಿತು. ಕಚ್ಚಿದರೆ ಬ್ರೆಡ್ಡಿನ ರುಚಿಯೇ ಜಾಸ್ತಿ, ಅವರೆಯ ರುಚಿ ಹುಡುಕಬೇಕು. ಅಷ್ಟು ಹೊತ್ತು ಕೂತು ಹಿದುಕಿದ ಬೇಳೆ ಹೀಗಾಯಿತಲ್ಲ ಅಂತ ತುಂಬಾ ಬೇಜಾರಾಯಿತು.

ಅವತ್ತು ರಾತ್ರಿಯೇ ಮಾಗಡಿಯಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಅದೆಲ್ಲ ಯಾಕಮ್ಮಾ? ಗೌರಿ ಹಬ್ಬಕ್ಕೆ ಕರ್ಜಿಕಾಯಿಗೆ ಕಲಸ್ತೀಯಲ್ಲ, ಅದೇ ಕಣಕ ಸಾಕು. ಕೈ ನೋಯೋ ಹಾಗೆ ಗಟ್ಟಿಯಾಗಿ ಕಲಸು. ಹೂರಣದಲ್ಲಿ ಮಾತ್ರ ನೀರಿನ ಪಸೆ ಇರಬಾರ್ದು ನೋಡು" ಎಂದರು. ಆ ಕೊನೆಯ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಇನ್ನೊಂದು ಸಲ ಕೆಡಿಸಿಕೊಂಡ ಮೇಲೆ.

ಕಣಕಕ್ಕೆ 2 ಲೋಟ ಮೈದಾ, ಕಾಲು ಲೋಟ ಚಿರೋಟಿ ರವೆ, ಮುಕ್ಕಾಲು ಚಮಚ ಉಪ್ಪು, ಅಂಗೈಯಲ್ಲಿ ಉಜ್ಜಿದ ಅರ್ಧ ಚಮಚ ಓಮ ತೆಗೆದುಕೊಳ್ಳುತ್ತೇನೆ. 3 ದೊಡ್ಡ ಚಮಚ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಮೇಲೆ ಸುರಿಯುತ್ತೇನೆ. ಚುರ್ ಅನ್ನಬೇಕು. ಸ್ವಲ್ಪ ಆರಿದ ಮೇಲೆ ಎರಡೂ ಕೈಯಲ್ಲಿ ಹಿಟ್ಟನ್ನು ಉಜ್ಜುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅದೇ ಹದ. ಈ ಉಜ್ಜುವ ಕೆಲಸದಲ್ಲಿ ಅವಸರ ಮಾಡಬೇಡಿ. ಹಿಟ್ಟಿನ ಕಣಕ್ಕೆಲ್ಲ ಎಣ್ಣೆ ಹತ್ತಿಕೊಂಡರೆ ಅದು ನೀರು ಸೇರಿದಾಗ ಜಾಸ್ತಿ ಜಿಗುಟಾಗುವುದಿಲ್ಲ. ಕಡುಬು ಗರಿಗರಿಯಾಗುವುದು ಇದರಿಂದಲೇ, ಉಬ್ಬಿಸುವುದರಿಂದ ಅಲ್ಲ. ಹಾಗಂತ ಎಣ್ಣೆ ಜಾಸ್ತಿ ಹಾಕಿದರೂ ಕಷ್ಟ. ಒಮ್ಮೆ 5 ಚಮಚ ಹಾಕಿದ್ದೆ, ಅಂಚುಗಳು ಅಂಟಿಕೊಳ್ಳದೆ ಬಿಚ್ಚಿಕೊಂಡವು.

ನೀರನ್ನು ಚಿಮುಕಿಸಿ ಚಿಮುಕಿಸಿ ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುತ್ತೇನೆ. ರವೆ ನೆನೆಯಲು ಅಷ್ಟು ಹೊತ್ತು ಬೇಕು.

ಇನ್ನು ಹೂರಣ. ರಾತ್ರಿ ನೆನೆಸಿದ ಕಾಳನ್ನು ಬೆಳಗ್ಗೆ ಹಿದುಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಒಂದೂವರೆ ಲೋಟ ಬೇಳೆ ಸಾಕು. ಅದಕ್ಕೆ ಕುಕ್ಕರ್ ಬೇಡವೇ ಬೇಡ, ಮುದ್ದೆಯಾಗಿಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಉಪ್ಪು ಹಾಕಿ, ಬೆರಳಲ್ಲಿ ಹಿಸುಕಿದರೆ ಮುರಿಯುವಷ್ಟು ಬೇಯಿಸಿ ಬಸಿಯುತ್ತೇನೆ. ಬಸಿದ ನೀರು ಸಾರಿಗೆ ಹೋಗುತ್ತದೆ. ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಲು ಬಿಡುತ್ತೇನೆ. ಎರಡನೇ ಸಲ ನಾನು ಎಡವಿದ್ದು ಇಲ್ಲೇ. ಬೇಳೆ ಬಿಸಿ ಇರುವಾಗಲೇ ತುಂಬಿದೆ, ಸಾಲದ್ದಕ್ಕೆ ಹಸಿ ಈರುಳ್ಳಿ ಬೇರೆ ಸೇರಿಸಿದ್ದೆ. ಈರುಳ್ಳಿ ನೀರು ಬಿಟ್ಟಿತು, ಕಣಕದ ತಳ ನೆನೆಯಿತು. ಬಾಣಲೆಯಲ್ಲಿ ಒಂದು ಕಡುಬು ಒಡೆದು ಬೇಳೆಯೆಲ್ಲ ಎಣ್ಣೆಯಲ್ಲಿ ಚೆಲ್ಲಾಡಿತು. ಒಲೆ ಆರಿಸಿ, ಎಣ್ಣೆ ಆರುವ ತನಕ ಕಾದು, ಸೋಸಿ ಮತ್ತೆ ಶುರು ಮಾಡಬೇಕಾಯಿತು.

ಈಗ ಈರುಳ್ಳಿ ಹಾಕುವುದಿಲ್ಲ. ಸಾಸಿವೆ, ಇಂಗಿನ ಒಗ್ಗರಣೆಗೆ ಜಜ್ಜಿದ ಹಸಿಮೆಣಸಿನಕಾಯಿ ಮತ್ತು ಶುಂಠಿ ಹಾಕಿ, ಸಣ್ಣಗೆ ಹೆಚ್ಚಿದ ಒಂದು ಹಿಡಿ ಸಬ್ಬಸಿಗೆ ಸೊಪ್ಪನ್ನು ಪಸೆ ಆರುವ ತನಕ ಬಾಡಿಸುತ್ತೇನೆ. ಅವರೆಗೆ ಸಬ್ಬಸಿಗೆಯಷ್ಟು ಒಗ್ಗುವ ಸೊಪ್ಪು ಇನ್ನೊಂದಿಲ್ಲ. ಆಮೇಲೆ ಬೇಳೆ, ತುರಿದ ಒಣಕೊಬ್ಬರಿ, 2 ದೊಡ್ಡ ಚಮಚ ಹುರಿಗಡಲೆ ಪುಡಿ. ಈ ಹುರಿಗಡಲೆ ಪುಡಿ ಉಳಿದ ಪಸೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹಸಿ ಕಾಯಿತುರಿ ಹಾಕಬೇಡಿ, ಅದೂ ನೀರು ಬಿಡುತ್ತದೆ. ಹುಳಿಗೂ ನಿಂಬೆರಸದ ಬದಲು ಆಮ್‌ಚೂರ್ ಪುಡಿ.

ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಪೂರಿಗಿಂತ ತುಸು ತೆಳುವಾಗಿ ಲಟ್ಟಿಸಿ, ಒಂದೂವರೆ ಚಮಚ ಹೂರಣ ಇಡುತ್ತೇನೆ. ಅಂಚಿಗೆ ನೀರು ಸವರಿ ಅರ್ಧಚಂದ್ರದ ಹಾಗೆ ಮಡಚಿ, ಒಳಗಿನ ಗಾಳಿ ಹೊರಗೆ ಹೋಗುವಂತೆ ಹೂರಣದ ಸುತ್ತ ಮೆಲ್ಲಗೆ ಒತ್ತುತ್ತೇನೆ. ಕರ್ಜಿಕಾಯಿ ಅಚ್ಚು ಮನೆಯಲ್ಲಿದೆ, ಆದರೆ ಕೈಯಲ್ಲಿ ಅಂಚು ಹೆಣೆದರೆ ಬಿಚ್ಚಿಕೊಳ್ಳುವುದು ಕಡಿಮೆ. ಈ ಅಳತೆಗೆ 16ರಿಂದ 18 ಕಡುಬು ಆಗುತ್ತವೆ. ಮಾಡಿಟ್ಟವನ್ನು ಬಟ್ಟೆಯ ಕೆಳಗೇ ಇಡಬೇಕು. ಮೇಲ್ಮೈ ಒಣಗಿದರೆ ಕರಿಯುವಾಗ ಸೀಳುತ್ತದೆ.

ಕರಿಯುವುದಕ್ಕೆ ತಾಳ್ಮೆ ಬೇಕು. ಚೂರು ಹಿಟ್ಟು ಎಣ್ಣೆಗೆ ಹಾಕಿದರೆ ಮುಳುಗಿ, ಸಣ್ಣ ಗುಳ್ಳೆಗಳ ಜೊತೆ ನಿಧಾನವಾಗಿ ಮೇಲೆ ಬರಬೇಕು. ತಕ್ಷಣ ಮೇಲೆ ಬಂದರೆ ಎಣ್ಣೆ ಜಾಸ್ತಿ ಕಾದಿದೆ ಎಂದರ್ಥ. ಥರ್ಮಾಮೀಟರ್ ಇದ್ದವರು 150ರಿಂದ 160 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಳ್ಳಿ. ಒಂದು ಸಲಕ್ಕೆ ನಾಲ್ಕೇ ಕಡುಬು, ಸಣ್ಣ ಉರಿ, ಸುಮಾರು 8 ನಿಮಿಷ. ಜೋರು ಉರಿಯಲ್ಲಿ ಕರಿದರೆ ಮೇಲೆ ಗುಳ್ಳೆ ಎದ್ದು ಬೇಗ ಕೆಂಪಾಗುತ್ತದೆ, ಒಳಪದರ ಹಸಿಯಾಗಿ ಉಳಿಯುತ್ತದೆ, ಆರುತ್ತಿದ್ದ ಹಾಗೆ ಮೆತ್ತಗಾಗುತ್ತದೆ. ತೆಗೆದ ಮೇಲೆ ಜರಡಿಯ ಮೇಲೆ ಒಂದೊಂದಾಗಿ ನಿಲ್ಲಿಸಿ. ಬಿಸಿಯಲ್ಲೇ ಡಬ್ಬಿಗೆ ಹಾಕಿದರೆ ಹಬೆಗೆ ಬೆವರಿ ಗರಿ ಹೋಗುತ್ತದೆ.

ಮೆತ್ತನೆಯ ಕಡುಬೇ ಬೇಕು ಅನ್ನುವವರೂ ಇದ್ದಾರೆ. ಅದಕ್ಕೂ ಈಸ್ಟ್ ಬೇಡ. ಮಂಗಳೂರು ಬನ್ಸಿಗೆ ಮಾಡುವ ಹಾಗೆ ಮೈದಾಕ್ಕೆ ಹುಳಿ ಮೊಸರು ಮತ್ತು ಚಿಟಿಕೆ ಅಡುಗೆ ಸೋಡಾ ಹಾಕಿ ಕಲಸಿ. ಮೊಸರಿನ ಹುಳಿ ಸೋಡಾಕ್ಕೆ ಸೇರಿದರೆ ಸಾಕು, ಹಿಟ್ಟು ಹಗುರಾಗುತ್ತದೆ. ನಮ್ಮ ಅತ್ತೆಗೆ ಹಲ್ಲು ನೋವಿದ್ದಾಗ ಅವರಿಗೆ ಹಾಗೇ ಮಾಡಿಕೊಟ್ಟಿದ್ದೆ. ಬಿಸಿಬಿಸಿಯಾಗಿಯೇ ತಿನ್ನಬೇಕು, ಸಂಜೆ ತನಕ ಇಡುವಂಥದ್ದಲ್ಲ.

ಗರಿ ಕಡುಬು ಹೊರಗಿಟ್ಟರೆ ಒಂದು ದಿನ ಇರುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಒಳಗಿರುವುದು ಬೇಯಿಸಿದ ಬೇಳೆ ಅಲ್ವಾ. ಕಣಕ ಉಳಿದರೆ ಲಟ್ಟಿಸಿ, ಸಣ್ಣ ಚೌಕ ಕತ್ತರಿಸಿ ಅದೇ ಎಣ್ಣೆಯಲ್ಲಿ ಕರಿದುಬಿಡುತ್ತೇನೆ. ಓಮದ ಘಮ ಇರುವ ಆ ಚೌಕಗಳು ಮಕ್ಕಳ ಕೈಗೆ ಸಿಕ್ಕರೆ ಕಡುಬಿಗಿಂತ ಮೊದಲೇ ಖಾಲಿ.