ಹೊಸ ವಿಂಡೋಸ್ ಹೊಟ್ಟೆಯೊಳಗೆ ಹಳೇ ಎಕ್ಸ್‌ಪಿ

ನಮ್ಮ ಮಾವನ ಡಿಟಿಪಿ ಅಂಗಡಿ ಮುಚ್ಚಿ ವರ್ಷಗಳಾದವು. ಉಳಿದದ್ದು ಒಂದು ಡಬ್ಬ ಸಿಡಿ. ಅದರಲ್ಲಿ ಜಾತ್ರೆಯ ಸ್ಮರಣ ಸಂಚಿಕೆ, ಹತ್ತಾರು ಲಗ್ನಪತ್ರಿಕೆ, ಯಾರದೋ ಮನೆಯ ವಂಶವೃಕ್ಷ. ಎಲ್ಲವೂ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶದ ಫೈಲುಗಳು. ಮೊನ್ನೆ ದೇವಸ್ಥಾನದವರು ಆ ಸಂಚಿಕೆ ಮತ್ತೆ ಬೇಕೆಂದರು. ಹೊಸ ಲ್ಯಾಪ್‌ಟಾಪ್‌ನಲ್ಲಿ ಫೈಲು ತೆರೆಯಲೇ ಇಲ್ಲ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಅದರ ಜಾಗಕ್ಕೆ ಬಂದು ಅದರ ಫೈಲು ತೆರೆಯುತ್ತಿದ್ದ ಇನ್‌ಡಿಸೈನ್ ಕೂಡ ಸಿಎಸ್6 ಆವೃತ್ತಿ ಆದಮೇಲೆ ಆ ಕೆಲಸ ಬಿಟ್ಟಿತು. ಹೇಗೋ ಅಕ್ಷರಗಳನ್ನು ಹೊರಗೆ ತಂದರೂ, ಕನ್ನಡ ಗಣಕ ಪರಿಷತ್ತಿನ ಹಳೇ ನುಡಿ ಫಾಂಟ್ ಇಲ್ಲದಿದ್ದರೆ ಕಾಣುವುದು ತಲೆಮೇಲೆ ಗೀರು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಆಗಿನ ಫಾಂಟುಗಳು ಅವುಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು, ಅದಕ್ಕೆ. ಇದಕ್ಕೆಲ್ಲ ನಾನು ಕಂಡುಕೊಂಡ ದಾರಿ ವಿಂಡೋಸ್ ಎಕ್ಸ್‌ಪಿಯನ್ನೇ ಮತ್ತೆ ಎಬ್ಬಿಸುವುದು.

ಒಂದೇ ಡಿಸ್ಕಿನಲ್ಲಿ ಎಕ್ಸ್‌ಪಿ, ಹೊಸ ವಿಂಡೋಸ್ ಎರಡನ್ನೂ ಹಾಕಿ, ಆನ್ ಮಾಡುವಾಗ ಬೇಕಾದ್ದನ್ನು ಆರಿಸುವ ಡ್ಯುಯಲ್ ಬೂಟ್ ಬೇಡ. ಇಂದಿನ ವೇಗದ ಎನ್‌ವಿಎಂಇ ಡಿಸ್ಕು, ಕಂಪ್ಯೂಟರನ್ನು ಎಬ್ಬಿಸುವ ಹೊಸ ಬಗೆಯಾದ ಯುಇಎಫ್‌ಐ ಎಲ್ಲ ಎಕ್ಸ್‌ಪಿಗೆ ಗೊತ್ತಿಲ್ಲ. ನೀಲಿ ಪರದೆ ತೋರಿಸಿ ಕೂರುತ್ತದೆ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಇದೆ. ವಿಂಡೋಸ್ 11ರ ಒಳಗೇ ಒಂದು ಹಳೇ ಕಂಪ್ಯೂಟರ್ ಇದೆ ಎಂದು ಎಕ್ಸ್‌ಪಿಯನ್ನು ನಂಬಿಸುವುದು ಅದರ ಕೆಲಸ.

ಶುರು ಮಾಡುವ ಮುಂಚೆ

ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ‘ವರ್ಚುವಲೈಸೇಶನ್: ಎನೇಬಲ್ಡ್’ ಎಂದಿರಬೇಕು. ಇಲ್ಲದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್‌ಗೆ, ಹೋಗಿ ಆನ್ ಮಾಡಿ. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ.

ಎಕ್ಸ್‌ಪಿ ಸಿಡಿ ಮತ್ತು ಅದರ ಕೀ ನಿಮ್ಮದೇ ಇರಲಿ. ಸಿಕ್ಕ ಸಿಕ್ಕ ಕಡೆಯಿಂದ ಡೌನ್‌ಲೋಡ್ ಮಾಡಿದರೆ ಜೊತೆಗೆ ಇನ್ನೇನು ಬರುತ್ತದೋ! ಲ್ಯಾಪ್‌ಟಾಪ್‌ನಲ್ಲಿ ಸಿಡಿ ಡ್ರೈವ್ ಇಲ್ಲವಾದರೆ, ಇರುವವರ ಹತ್ತಿರ ಐಎಸ್‌ಒ ಫೈಲು (ಇಡೀ ಸಿಡಿಯ ನಕಲು) ಮಾಡಿಸಿಕೊಳ್ಳಿ.

ಕೂರಿಸುವುದು

ವರ್ಚುವಲ್‌ಬಾಕ್ಸ್‌ನಲ್ಲಿ ‘ನ್ಯೂ’ ಒತ್ತಿ, ಹೆಸರು ಕೊಟ್ಟು, ವಿಂಡೋಸ್ ಎಕ್ಸ್‌ಪಿ 32-ಬಿಟ್ ಆರಿಸಿ. ತಾನಾಗಿಯೇ ಇನ್‌ಸ್ಟಾಲ್ ಮಾಡುವ ‘ಅನ್‌ಅಟೆಂಡೆಡ್’ ಆಯ್ಕೆ ಬೇಡ. ಮೆಮೊರಿ 512 ಎಂಬಿ ಧಾರಾಳ. ಆ ಕಾಲದಲ್ಲಿ 128 ಎಂಬಿ ಇದ್ದರೆ ಸಾಕು ಎನ್ನುತ್ತಿದ್ದರು! ಪ್ರೊಸೆಸರ್ ಒಂದು, ಡಿಸ್ಕು 10 ಜಿಬಿ. ಡಿಸ್ಕಿನ ಕಂಟ್ರೋಲರ್ ಹಳೇ ಬಗೆಯ ಐಡಿಇ ಎಂದೇ ಇರಲಿ. ವೇಗ ಸಿಗಬಹುದೆಂದು ಹೊಸ ಬಗೆಯ ಸಾಟಾಗೆ ಬದಲಾಯಿಸಿದಿರೋ, ಮತ್ತೆ ಅದೇ ನೀಲಿ ಪರದೆ.

ಐಎಸ್‌ಒ ತೋರಿಸಿ ‘ಸ್ಟಾರ್ಟ್’ ಒತ್ತಿ. ನೀಲಿ ಹಿನ್ನೆಲೆಯ ಹಳೇ ಪುಟ ಬರುತ್ತದೆ. ಎಂಟರ್, ಕರಾರಿಗೆ ಎಫ್8, ಆಮೇಲೆ ಎನ್‌ಟಿಎಫ್‌ಎಸ್ ಕ್ವಿಕ್ ಫಾರ್ಮ್ಯಾಟ್. ಫಾರ್ಮ್ಯಾಟ್ ಆಗುವುದು ಆ ನಕಲಿ ಡಿಸ್ಕು ಮಾತ್ರ, ಹೆದರಬೇಡಿ. ಫೈಲುಗಳ ನಕಲು ಮುಗಿದು ರೀಸ್ಟಾರ್ಟ್ ಆದಾಗ ‘ಸಿಡಿಯಿಂದ ಬೂಟ್ ಮಾಡಲು ಯಾವುದಾದರೂ ಕೀ ಒತ್ತಿ’ ಎಂಬ ಸಾಲು ಬರುತ್ತದೆ. ಏನನ್ನೂ ಒತ್ತಬೇಡಿ. ನಾನು ಸುಮ್ನೆ ಸ್ಪೇಸ್ ಒತ್ತಿದೆ, ಕಥೆ ಮೊದಲಿನಿಂದ ಶುರುವಾಯಿತು. ಒತ್ತದಿದ್ದರೆ ‘ಇನ್ನು 39 ನಿಮಿಷ’ ಎನ್ನುತ್ತದೆ. ಈಗಿನ ಯಂತ್ರಗಳಲ್ಲಿ ಅಷ್ಟೆಲ್ಲ ಬೇಡ.

ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ, ಹೊರಗೆ ಬರುತ್ತದೆ. ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆ ಕಂಡರೆ ಇಂಥದೇ ಕೆಲಸ ಮಾಡುವ ವಿಂಡೋಸ್‌ನ ಸ್ವಂತ ಹೈಪರ್-ವಿ ಅಡ್ಡ ಬಂದಿದೆ ಎಂದರ್ಥ. ಕೆಲಸ ನಡೆಯುತ್ತದೆ, ಆದರೆ ಆಮೆ ವೇಗದಲ್ಲಿ.

ಪರದೆ ಪುಟ್ಟದಾಗಿದ್ದರೆ ‘ಡಿವೈಸಸ್’ ಮೆನುವಿನಿಂದ ವರ್ಚುವಲ್‌ಬಾಕ್ಸ್‌ನದೇ ಡ್ರೈವರ್‌ಗಳಿರುವ ಗೆಸ್ಟ್ ಅಡಿಷನ್ಸ್ ಸಿಡಿ ಹಾಕಿ ಇನ್‌ಸ್ಟಾಲ್ ಮಾಡಿ. ಲೋಗೊ ಪರೀಕ್ಷೆ ಪಾಸಾಗಿಲ್ಲ ಎಂದು ಎಕ್ಸ್‌ಪಿ ತಗಾದೆ ತೆಗೆದರೆ ‘ಕಂಟಿನ್ಯೂ ಎನಿವೇ’ ಒತ್ತಿ.

ಇಂಟರ್‌ನೆಟ್ ಬೇಡವೇ ಬೇಡ

ಇದೊಂದು ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಕಟ್ಟುನಿಟ್ಟು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಮೂಲ ಸಿಡಿಯಿಂದ ಹಾಕಿದ ಎಕ್ಸ್‌ಪಿ ಇಂಟರ್‌ನೆಟ್‌ಗೆ ಹೋದರೆ ಬಾಗಿಲಿಲ್ಲದ ಮನೆ ಇದ್ದ ಹಾಗೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಅಡಾಪ್ಟರ್‌ನ ಟಿಕ್ ತೆಗೆದುಬಿಡಿ. ಮತ್ತೆ ಫೈಲು ಸಾಗಿಸುವುದು ಹೇಗೆ ಅಂತೀರಾ? ‘ಶೇರ್ಡ್ ಫೋಲ್ಡರ್ಸ್’ನಲ್ಲಿ ವಿಂಡೋಸ್ 11ರ ಒಂದು ಫೋಲ್ಡರ್ ಸೇರಿಸಿ, ‘ಆಟೊ-ಮೌಂಟ್’ ಟಿಕ್ ಮಾಡಿ. ಎಕ್ಸ್‌ಪಿಗೆ ಅದು ಇನ್ನೊಂದು ಡ್ರೈವ್. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಗೆಸ್ಟ್ ಅಡಿಷನ್ಸ್ ಇದ್ದರೆ ಸಾಕು. ಈಗ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನೇ ಕೆಟ್ಟರೂ ಇಲ್ಲಿಗೇ ವಾಪಸ್ ಬರಬಹುದು.

ಫೈಲು ತೆರೆದು ಪಿಡಿಎಫ್ ಮಾಡುವುದು

ಪೇಜ್‌ಮೇಕರ್ ಮತ್ತು ನುಡಿ ಹಾಕಿ. ಇವತ್ತಿನ ಪ್ರಿಂಟರ್‌ಗಳಿಗೆ ಎಕ್ಸ್‌ಪಿ ಡ್ರೈವರ್ ಹುಡುಕುವುದು ದಂಡ. ಬದಲಿಗೆ ಎಕ್ಸ್‌ಪಿಯ ಪಟ್ಟಿಯಿಂದ ಹೆಸರಿನ ಕೊನೆಗೆ ‘ಪಿಎಸ್’ ಎಂದಿರುವ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್ ಸೇರಿಸಿ, ಪೋರ್ಟ್ ಕೇಳಿದಾಗ ‘ಫೈಲ್’ ಎಂದು ಕೊಡಿ. ಪ್ರಿಂಟ್ ಕೊಟ್ಟರೆ ಕಾಗದದ ಬದಲು ಒಂದು ಪಿಎಸ್ ಫೈಲು ಬರುತ್ತದೆ. ಅದನ್ನು ಶೇರ್ಡ್ ಫೋಲ್ಡರ್‌ಗೆ ಹಾಕಿ, ಈಚೆ ವಿಂಡೋಸ್ 11ರಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಪಿಡಿಎಫ್ ಮಾಡಿಕೊಳ್ಳಿ.

ಫೋಟೊಗಳ ಕಡೆ ಗಮನ ಇರಲಿ. ದೊಡ್ಡ ಚಿತ್ರಗಳನ್ನು ಪೇಜ್‌ಮೇಕರ್ ಸಾಮಾನ್ಯವಾಗಿ ತನ್ನೊಳಗೆ ಇಟ್ಟುಕೊಳ್ಳದೆ, ಎಲ್ಲಿವೆ ಎಂಬ ವಿಳಾಸ ಮಾತ್ರ ಬರೆದಿಟ್ಟುಕೊಂಡಿರುತ್ತದೆ. ಮಾವನ ಸಂಚಿಕೆ ತೆರೆದಾಗ ತೇರಿನ ಫೋಟೊ ಎಲ್ಲಿದೆ ಎಂದು ಅದು ಕೇಳಿತು. ಆ ಫೋಟೊ ಇದ್ದದ್ದು ಡಬ್ಬದ ತಳದಲ್ಲಿ, ‘ಮದುವೆ - ಇತರೆ’ ಎಂದು ಬರೆದ ಸಿಡಿಯಲ್ಲಿ.