ಹಳೆಯ ಪದ್ಮಿನಿ ಕಾರಿನ ಒಳಾಂಗಣಕ್ಕೆ ಹೊಸ ಬಣ್ಣ ಆರಿಸುವ ಬಗೆ

ಹಳೆಯ ಕಾರಿನ ಸೀಟು, ಬಾಗಿಲಿನ ಪ್ಯಾಡು, ಚಾವಣಿಯ ಲೈನಿಂಗ್ ಇವುಗಳನ್ನೆಲ್ಲ ಹೊಸದಾಗಿ ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ರೆಕ್ಸಿನ್ ಅಂಗಡಿಗೆ. ಮಾದರಿ ಪುಸ್ತಕವನ್ನು ತಿರುವಿ ಹಾಕಿ, ಕಣ್ಣಿಗೆ ಹಿಡಿಸಿದ ಒಂದು ತುಂಡಿನ ಮೇಲೆ ಬೆರಳಿಟ್ಟು, ಮುಂಗಡ ಕೊಟ್ಟು ಬರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಕಾರಿನಲ್ಲಿ ಬದಲಾಗದೆ ಉಳಿಯುವ ಭಾಗಗಳು ಯಾವುವು, ಅವುಗಳ ಬಣ್ಣ ಯಾವುದು ಎಂಬುದನ್ನು ನೋಡಿಕೊಂಡ ಮೇಲೆಯೇ ಬದಲಾಗುವ ಭಾಗಗಳ ಬಣ್ಣವನ್ನು ಗೊತ್ತುಮಾಡಬೇಕು.

ಮುಂಬೈನ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಾಗಿ, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂದಿನ ಕಾರುಗಳ ಒಳಭಾಗವನ್ನು ಪ್ಲಾಸ್ಟಿಕ್ಕು ಪೂರ್ತಿ ಮುಚ್ಚಿರುತ್ತದೆ; ಆ ಕಾಲದ ಕಾರುಗಳಲ್ಲಿ ಹಾಗಿಲ್ಲ. ಬಾಗಿಲು ತೆರೆದರೆ ಕಿಟಕಿಯ ಚೌಕಟ್ಟು, ಬಾಗಿಲಿನ ಅಂಚು, ಚಾವಣಿಯನ್ನು ಹೊರುವ ಕಂಬಗಳು ಹೊರಮೈಯ ಬಣ್ಣದಲ್ಲಿಯೇ ಕಾಣಿಸುತ್ತವೆ. ಅಂದರೆ ಹೊರಗಿನ ಬಣ್ಣ ಒಳಗೂ ಬಂದು ಕುಳಿತಿರುತ್ತದೆ, ಸೀಟಿಗೆ ನೀವು ಹಾಕಿಸುವ ಬಣ್ಣ ಅದರ ಪಕ್ಕದಲ್ಲಿಯೇ ಸದಾ ಇರಬೇಕಾಗುತ್ತದೆ. ಆದ್ದರಿಂದ ಮೊದಲ ಹೆಜ್ಜೆಯಾಗಿ ಈ ಲೋಹದ ಭಾಗಗಳು, ಡ್ಯಾಶ್‌ಬೋರ್ಡು, ಸ್ಟಿಯರಿಂಗ್ ಚಕ್ರ, ನಾಬುಗಳು, ಬಾಗಿಲಿನ ರಬ್ಬರ್ ಬೀಡಿಂಗು ಇವುಗಳ ಬಣ್ಣವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊರಮೈಗೂ ಪೇಂಟ್ ಮಾಡಿಸುವ ಯೋಚನೆಯಿದ್ದರೆ ಅದನ್ನು ಮುಗಿಸುವವರೆಗೂ ರೆಕ್ಸಿನ್ ಕೊಳ್ಳಬೇಡಿ.

ಎರಡನೆಯದಾಗಿ, ಕಾರ್ಖಾನೆಯಿಂದ ಬಂದಾಗ ಒಳಗೆ ಯಾವ ಬಣ್ಣವಿತ್ತು ಎಂಬುದನ್ನು ಪತ್ತೆ ಮಾಡಬೇಕು. ಕಣ್ಣಿಗೆ ಕಾಣುವ ಸೀಟು ಇದನ್ನು ಹೇಳುವುದಿಲ್ಲ, ಏಕೆಂದರೆ ನಾಲ್ಕೈದು ದಶಕಗಳಲ್ಲಿ ಅದರ ಮೇಲೆ ಬೇರೆ ಬೇರೆ ಕವರುಗಳು ಬಂದುಹೋಗಿರುತ್ತವೆ. ಹಿಂದಿನ ಸೀಟನ್ನು ಎತ್ತಿ ಅದರ ಅಡಿಯಲ್ಲಿ ಮಡಚಿ ಹೊಡೆದಿರುವ ಅಂಚನ್ನು, ಗಾಜು ಏರಿಸುವ ಹಿಡಿಕೆಯ ಬಿಲ್ಲೆಯ ಹಿಂಭಾಗವನ್ನು, ಬಾಗಿಲಿನ ಪ್ಯಾಡಿನ ಒಳಮಡಿಕೆಯನ್ನು ಬಿಚ್ಚಿ ನೋಡಿದರೆ, ಬಿಸಿಲು ಕಾಣದ ಮೂಲ ಬಣ್ಣದ ತುಣುಕು ಸಿಗುವ ಸಾಧ್ಯತೆಯಿದೆ. ಸಿಕ್ಕರೆ ಬೆರಳಗಲದಷ್ಟನ್ನಾದರೂ ಕತ್ತರಿಸಿ ಕವರಿನಲ್ಲಿ ಹಾಕಿಡಿ. ನೀವು ಬೇರೆ ಬಣ್ಣವನ್ನೇ ಆರಿಸಿದರೂ ಮುಂದೊಂದು ದಿನ ಮೂಲಕ್ಕೆ ಮರಳಬೇಕೆನ್ನುವವರಿಗೆ ಅದೊಂದೇ ಆಧಾರ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಅದು ಮುಖ್ಯವಾಗಿ ಚಾಸಿ, ಬಾಡಿ ಮತ್ತು ಎಂಜಿನ್ನಿನ ಮಾರ್ಪಾಡನ್ನು ಕುರಿತದ್ದಾದರೂ, ಅಂಥ ಕಾರಿನಲ್ಲಿ ಒಳಬಣ್ಣವನ್ನೂ ಮೂಲದಂತೆಯೇ ಇಡುವುದು ಲೇಸೆಂದು ನನ್ನ ಅಭಿಪ್ರಾಯ.

ಇನ್ನು ಆಯ್ಕೆ. ಪದ್ಮಿನಿಯ ಮುಂಭಾಗದ ಬೆಂಚ್ ಸೀಟು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಅಖಂಡವಾಗಿ ಹರಡಿರುತ್ತದೆ. ಹಿಂದೆಯೂ ಅಷ್ಟೇ ದೊಡ್ಡದು ಇನ್ನೊಂದು. ಇಷ್ಟು ವಿಸ್ತಾರದಲ್ಲಿ ಯಾವ ಬಣ್ಣವಾದರೂ ಅಂಗೈಯಗಲದ ಮಾದರಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಗಾಢವಾಗಿ ಎದ್ದು ಕಾಣುತ್ತದೆ. ಹಾಗಾಗಿ ಮನಸ್ಸಿಗೆ ಬಂದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮಂದವಾದದ್ದನ್ನು ಆರಿಸುವುದು ಕ್ಷೇಮ. ಕೆನೆಬಣ್ಣದ ಅಥವಾ ಹಳದಿಯತ್ತ ವಾಲುವ ಬಿಳಿಯ ಕಾರಿಗೆ ಮರೂನ್ ಅಥವಾ ಜೇನುಕಂದು ಒಪ್ಪುತ್ತದೆ. ಕಡುಹಸಿರಿಗೆ ಬಿಸ್ಕತ್ತಿನ ಬಣ್ಣ, ತಿಳಿನೀಲಿಗೆ ಬೂದು ಅಥವಾ ಕಡುನೀಲಿ ಹೊಂದುತ್ತದೆ. ಕಪ್ಪು ಕಾರಿಗೆ ಮರೂನ್ ಬಹಳ ಗಂಭೀರವಾಗಿ ಕಾಣುತ್ತದೆ. ಸೀಟಿಗೆ ಒಂದು, ಲೈನಿಂಗಿಗೆ ಇನ್ನೊಂದು, ಪೈಪಿಂಗಿಗೆ (ಹೊಲಿಗೆಯ ಅಂಚಿಗೆ ಕೂಡಿಸುವ ದುಂಡನೆಯ ಪಟ್ಟಿಗೆ) ಬೇಕಾದರೆ ಮೂರನೆಯದು, ಇಷ್ಟಕ್ಕೆ ನಿಲ್ಲಿಸಿ. ಇತ್ತೀಚೆಗೆ ಹಲವರು ಹಾಕಿಸುವ ಕಪ್ಪು-ಕೆಂಪು ಚೌಕಳಿ ಹೊಲಿಗೆಯ ಸೀಟುಗಳು ಚೊಕ್ಕವಾಗಿಯೇ ಇರಬಹುದು, ಆದರೆ ಆ ಕಾಲದ ಮೀಟರುಗಳ, ತೆಳುವಾದ ಸ್ಟಿಯರಿಂಗಿನ ಎದುರು ಅವು ಹೊಂದುವುದೇ ಇಲ್ಲ.

ಚಾವಣಿಯ ಲೈನಿಂಗ್ ತಿಳಿಬಣ್ಣದ್ದೇ ಇರಲಿ. ಕಿಟಕಿಗಳು ಚಿಕ್ಕದಾಗಿರುವ ಕಾರಿನಲ್ಲಿ ಕಪ್ಪು ಲೈನಿಂಗ್ ತಲೆಯ ಮೇಲೆ ಭಾರವಾಗಿ ಕೂರುತ್ತದೆ. ಡ್ಯಾಶ್‌ಬೋರ್ಡಿನ ಮೇಲ್ಮೈ ಮಾತ್ರ ಇದಕ್ಕೆ ವಿರುದ್ಧ. ಅದು ತಿಳಿಯಾಗಿಯೋ ಹೊಳಪಾಗಿಯೋ ಇದ್ದರೆ ಬಿಸಿಲಿನಲ್ಲಿ ಅದರ ಪ್ರತಿಬಿಂಬ ಮುಂಗಾಜಿನ ಮೇಲೆ ಬಿದ್ದು ರಸ್ತೆ ಮಸುಕಾಗುವುದರಿಂದ, ಅಲ್ಲಿ ಹೊಳಪಿಲ್ಲದ ಗಾಢ ಬಣ್ಣವೇ ಬೇಕು.

ಕಾರು ಯಾವ ಊರಿನಲ್ಲಿ ಇರುತ್ತದೆ ಎಂಬುದೂ ಮುಖ್ಯ. ಏಸಿ ಇಲ್ಲದ ಕಾರನ್ನು ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಿ ಬಂದರೆ ಕಪ್ಪು ರೆಕ್ಸಿನ್ನಿನ ಮೇಲೆ ಕೂರಲಾಗುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯ ಸೀಟಿಗೆ ಬೂಷ್ಟು ಹಿಡಿಯುತ್ತದೆ; ಅಲ್ಲಿ ಒರೆಸಲು ಬರುವ ರೆಕ್ಸಿನ್ನೇ ವಾಸಿ. ತಿಳಿಬಣ್ಣ ಬೇಕು, ಕೊಳೆಯ ಭಯವೂ ಇದೆ ಎನ್ನುವವರು ಸರ್ಕಾರಿ ಅಂಬಾಸಿಡರುಗಳಲ್ಲಿ ಹಾಸುತ್ತಿದ್ದ ಬಿಳಿ ಟವೆಲ್ಲನ್ನು ನೆನಪಿಸಿಕೊಳ್ಳಬಹುದು. ತೆಗೆದು ಒಗೆಯಲು ಬರುವ ಅಂಥ ಹಾಸು ಇಂದಿಗೂ ಒಳ್ಳೆಯ ಉಪಾಯ.

ಇಷ್ಟಾದ ಮೇಲೆ ಅಂಗಡಿಗೆ ಹೋಗಬಹುದು. ಬೆಂಗಳೂರಿನವರಿಗೆ ಕಾರಿನ ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ. ಮೂರು ಬಣ್ಣಗಳಿಗೆ ಮೀರದಂತೆ ಆರಿಸಿ, ಪ್ರತಿಯೊಂದರ ಕಾಲು ಮೀಟರ್ ತುಂಡನ್ನು ದುಡ್ಡು ಕೊಟ್ಟೇ ತನ್ನಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸುವ ಎರಡು ಬಣ್ಣಗಳು ಹಗಲಿನ ಬೆಳಕಿಗೆ ಬೇರೆಯಾಗುತ್ತವೆ. ಅದಕ್ಕಾಗಿ ತುಂಡನ್ನು ಸೀಟಿನ ಮೇಲೆಯೇ ಹಾಸಿ, ಬಾಗಿಲು ಮುಚ್ಚಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಬೇಕು. ಸೀಟಿನ ಇಳಿಜಾರಿನಲ್ಲಿ ಇಡುವುದು ಅಗತ್ಯ, ನೆಲದ ಮೇಲೆ ಇಟ್ಟರೆ ಬೆಳಕು ಬೀಳುವ ಕೋನವೇ ಬೇರೆ. ಉದ್ದುದ್ದ ಗೆರೆಯ ಹೊಲಿಗೆ ಹಾಕಿಸುವುದಾದರೆ ತುಂಡನ್ನು ಹಾಗೆಯೇ ಮಡಿಕೆ ಮಾಡಿ ನೋಡಿ. ಗೆರೆಗಳ ನಡುವಿನ ನೆರಳಿನಿಂದ ಬಣ್ಣ ಇನ್ನಷ್ಟು ಕಪ್ಪೇರುತ್ತದೆ. ತುಂಡಿನ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಕೆಲವು ವಾರ ಬಿಸಿಲಿಗಿಟ್ಟರೆ ಬಣ್ಣ ಎಷ್ಟು ನಿಲ್ಲುತ್ತದೆ ಎಂಬುದೂ ಗೊತ್ತಾಗುತ್ತದೆ. ಕೆಂಪಿನ ವಿಷಯದಲ್ಲಿ ಈ ಪರೀಕ್ಷೆಯನ್ನು ತಪ್ಪಿಸಬಾರದು.

ಕೊಳ್ಳುವಾಗ ಸೀಟು, ಪ್ಯಾಡು, ಪೈಪಿಂಗುಗಳಿಗೆ ಬೇಕಾದುದನ್ನೆಲ್ಲ ಒಂದೇ ಸಲ, ಒಂದೇ ರೋಲಿನಿಂದ ಕತ್ತರಿಸಿಕೊಳ್ಳಬೇಕು, ಏಕೆಂದರೆ ಒಂದೇ ನಂಬರಿನ ಬಣ್ಣವಾದರೂ ತಯಾರಿಯಿಂದ ತಯಾರಿಗೆ ಸ್ವಲ್ಪ ವ್ಯತ್ಯಾಸವಾಗುತ್ತದೆ. ಎಷ್ಟು ಮೀಟರ್ ಬೇಕೆಂಬುದನ್ನು ಕುಷನ್ ಕೆಲಸದವರಿಂದಲೇ ಅಳತೆ ಮಾಡಿಸಿ, ರೋಲಿನ ಅಗಲವನ್ನೂ ಅವರಿಗೆ ತಿಳಿಸಿ. ನೂಲಿನ ಬಣ್ಣವನ್ನು ಅವರ ಇಚ್ಛೆಗೆ ಬಿಡದೆ ನೀವೇ ಹೇಳಬೇಕು. ಲೈನಿಂಗಿನ ಅಂಚು ಗಾಜಿನ ರಬ್ಬರಿನ ಅಡಿಗೆ ಹೋಗುವುದರಿಂದ, ಪೇಂಟಿಗಾಗಿ ಗಾಜು ತೆಗೆದಿರುವಾಗಲೇ ಅದನ್ನು ಹಾಕಿಸಿಬಿಡಿ. ಸೀಟುಗಳು ಎಲ್ಲಕ್ಕಿಂತ ಕೊನೆಗೆ ಬರಲಿ. ಒಂದು ಮೀಟರಿನಷ್ಟನ್ನು ಹೆಚ್ಚಾಗಿಯೇ ಕೊಂಡು, ಮಡಚದೆ ಸುರುಳಿ ಸುತ್ತಿ, ಬಣ್ಣದ ನಂಬರನ್ನು ಅದರ ಬೆನ್ನ ಮೇಲೆ ಬರೆದು, ಬಿಸಿಲು ತಾಗದ ಕಡೆ ಇಡಿ. ಮಡಚಿಟ್ಟ ರೆಕ್ಸಿನ್ ಕಾಲಕ್ರಮೇಣ ಮಡಿಕೆಯಲ್ಲಿ ಬಿರಿಯುತ್ತದೆ, ಹರಿದ ಸೀಟಿಗೆ ತೇಪೆ ಹಾಕುವ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ.